ಕಟ್ಟಡ ಕಾರ್ಮಿಕರ ಬಿಡಾರದಲ್ಲಿ ಜ್ವರದ ಸಮೀಕ್ಷೆ: ಗೋವಾದಿಂದ ಒಂದು ಕೈಪಿಡಿ

ಸಂಜೆ ಏಳರ ಹೊತ್ತಿಗೆ ಹೋಗಿ. ಹಗಲಿನಲ್ಲಿ ಹೋದರೆ ಬಿಡಾರದಲ್ಲಿ ಸಿಗುವವರು ಹಸುಗೂಸಿನ ತಾಯಂದಿರು, ಹುಷಾರಿಲ್ಲದೆ ಮಲಗಿದವರು, ಅವರನ್ನು ನೋಡಿಕೊಳ್ಳಲು ಉಳಿದ ಅಜ್ಜಿಯರು. ಅಷ್ಟು ಜನರ ಹೆಸರು ಬರೆದುಕೊಂಡು ಬಂದು ಸಮೀಕ್ಷೆ ಮುಗಿಯಿತೆಂದರೆ, ಸೈಟಿನಲ್ಲಿ ದುಡಿಯುವ ಗಂಡಸರೂ ಹೆಂಗಸರೂ ಲೆಕ್ಕದಿಂದ ಹೊರಗೇ ಉಳಿದುಬಿಡುತ್ತಾರೆ. ನಾವು ಹುಡುಕುವ ಮಲೇರಿಯಾ ಹೆಚ್ಚಾಗಿ ಸಿಗುವುದು ಅವರಲ್ಲಿಯೇ. ಏಳಕ್ಕೆ ಅವರು ಕೈಕಾಲಿನ ಸಿಮೆಂಟು ತೊಳೆದುಕೊಂಡಿರುತ್ತಾರೆ. ರೊಟ್ಟಿ ಬಡಿಯುವ ಸದ್ದು ಆಗಷ್ಟೇ ಶುರುವಾಗಿರುತ್ತದೆ. ಊಟಕ್ಕೆ ಕೂರುವವರೆಗಿನ ಆ ಹೊತ್ತು ನಿಮ್ಮದು. ತಟ್ಟೆ ಮುಂದಿಟ್ಟುಕೊಂಡವರನ್ನು ಏನೂ ಕೇಳಬೇಡಿ.

ನಾನು ಧಾರವಾಡ ಕಡೆಯವಳು. ಸಾಂಕ್ರಾಮಿಕ ರೋಗಗಳ ಸಂಶೋಧನೆ ನನ್ನ ಕೆಲಸ. ವಾಸ್ಕೊ, ಝುವಾರಿನಗರ, ಪರ್ವರಿ, ಪಣಜಿಯ ಆಸುಪಾಸಿನ ಸೈಟುಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಬಂದ ನಮ್ಮ ಜನರ ನಡುವೆ ನಾನು ಓಡಾಡುತ್ತೇನೆ. ಸಮುದಾಯ ಆರೋಗ್ಯ ಓದುವ ವಿದ್ಯಾರ್ಥಿಗಳು, ಹೊಸದಾಗಿ ಸೇರಿದ ಆರೋಗ್ಯ ಕಾರ್ಯಕರ್ತರು, ಭಾಷೆಯ ನೆರವಿಗೆಂದು ಜೊತೆಗೆ ಬರುವ ಇಲ್ಲಿನ ಕನ್ನಡಿಗರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡಬೇಕು: ತರಬೇತಿ ಪಡೆಯದವರು ಸೂಜಿಯನ್ನು ಮುಟ್ಟಬಾರದು. ಮಾತನಾಡಿಸುವುದು, ಬರೆದುಕೊಳ್ಳುವುದು, ನೀರು ನೋಡುವುದು ಯಾರಿಂದಲೂ ಆಗುವ ಕೆಲಸ, ಮತ್ತು ಕೆಲಸದ ದೊಡ್ಡ ಪಾಲು ಅದೇ.

ಮೊದಲು ನಕ್ಷೆ, ಮಲಗುವ ಜಾಗದ ಲೆಕ್ಕದಲ್ಲಿ

ಸಾಮಾನ್ಯ ಸಮೀಕ್ಷೆಯಲ್ಲಿ ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಕುಟುಂಬ. ಜನಗಣತಿಯಿಂದ ಹಿಡಿದು ಎಲ್ಲರೂ ಪಾಲಿಸುವ ಲೆಕ್ಕ ಇದು. ಮಲೇರಿಯಾಕ್ಕೆ ಈ ಲೆಕ್ಕ ಸಾಲದು. ಗೋವಾದ ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆ ಕಚ್ಚುವುದು ರಾತ್ರಿ ಹೊತ್ತು. ಆದ್ದರಿಂದ ಮನುಷ್ಯ ಎಲ್ಲಿ ಉಂಡ ಎಂಬುದಕ್ಕಿಂತ ಎಲ್ಲಿ ಮಲಗಿದ ಎಂಬುದು ಮುಖ್ಯ. ಬಿಡಾರದಲ್ಲಿ ಇವೆರಡೂ ಒಂದೇ ಜಾಗ ಆಗಿರುವುದು ಅಪರೂಪ. ತಗಡಿನ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಮಲಗಿದರೆ, ಅದೇ ಒಲೆಯಲ್ಲಿ ಉಂಡ ಮೈದುನನೂ ಅವನ ಊರಿನ ಇಬ್ಬರು ಹುಡುಗರೂ ಗಾಳಿಗೆಂದು ಅರ್ಧ ಕಟ್ಟಿದ ಕಟ್ಟಡದ ಎರಡನೆಯ ಮಹಡಿಗೆ ಚಾಪೆ ಒಯ್ಯುತ್ತಾರೆ. ಕಾವಲುಗಾರ ಗೇಟಿನ ಬಳಿ ಸಿಮೆಂಟು ಚೀಲಗಳ ಪಕ್ಕ ಮಲಗುತ್ತಾನೆ. ಆ ಎರಡನೆಯ ಮಹಡಿಯ ಪಕ್ಕದ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆ, ಅಂದರೆ ಹೊಸ ಕಾಂಕ್ರೀಟು ಗಟ್ಟಿಯಾಗಲೆಂದು, ನೀರು ಕಟ್ಟಿದ್ದರೆ, ಹುಡುಗರು ಸೊಳ್ಳೆಯ ತೊಟ್ಟಿಲಿನ ಪಕ್ಕದಲ್ಲೇ ಮಲಗಿದಂತಾಯಿತು. ಒಲೆಯ ಲೆಕ್ಕದ ನಕ್ಷೆಯಲ್ಲಿ ಇದು ಕಾಣುವುದಿಲ್ಲ.

ಹೀಗಾಗಿ ಮೊದಲ ಸಂಜೆ ರಕ್ತವೂ ಬೇಡ, ಪ್ರಶ್ನೆಗಳ ನಮೂನೆಯೂ ಬೇಡ. ಒಂದು ಹಾಳೆ, ಒಂದು ಸೀಸದ ಕಡ್ಡಿ ಹಿಡಿದು ಇಡೀ ಸೈಟನ್ನು ಸುತ್ತಿ. ಕೋಣೆಗಳ ಸಾಲು, ನೀರಿನ ಟಾಕಿ, ಬಾವಿ, ಲಿಫ್ಟಿನ ಗುಂಡಿ, ಬ್ಯಾರಲ್‌ಗಳು, ಶೌಚಾಲಯ ಎಲ್ಲವನ್ನೂ ಗುರುತು ಹಾಕಿ. ಮಲಗುವ ಜಾಗಗಳಿಗೆ ಸಂಖ್ಯೆ ಕೊಡಿ. ಆ ಸಂಖ್ಯೆ ನಿಮ್ಮ ಹಾಳೆಯ ಮೇಲಿರಲಿ, ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಬರೆಯಬೇಡಿ. ಬಾಗಿಲಿಗೆ ಗುರುತು ಬಿದ್ದ ಮೇಲೆ ಮನೆ ಕೆಡವಲು ಬಂದದ್ದನ್ನು ಕಂಡವರು, ಕೇಳಿದವರು ಇಲ್ಲಿ ಬಹಳ ಜನರಿದ್ದಾರೆ. ಒಂದು ಗೆರೆ ಕಂಡರೂ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತಾರೆ. ಆಮೇಲೆ ನೀವು ಹುಡುಕಬೇಕಾದ ಜ್ವರ ಇನ್ನೊಂದು ಸೈಟಿನಲ್ಲಿರುತ್ತದೆ.

ಒಪ್ಪಿಗೆ

ಕೂಲಿಯವರನ್ನು ಕರೆತಂದು ಕೆಲಸ ಮಾಡಿಸುವ ಮುಕಾದಮರ ಅಪ್ಪಣೆ ಇಲ್ಲದೆ ಒಳಗೆ ಕಾಲಿಡಲಾಗುವುದಿಲ್ಲ. ಅವರನ್ನು ಕಂಡು, ಕುರ್ಚಿ ಕೊಟ್ಟರೆ ಕುಳಿತು, ಕೆಲಸ ವಿವರಿಸಿ. ಆದರೆ ಅವರ ಅಪ್ಪಣೆ ಗೇಟು ದಾಟುವುದಕ್ಕೆ ಮಾತ್ರ. "ಇವರೆಲ್ಲ ನನ್ನ ಜನ, ತೆಗೆದುಕೊಳ್ಳಿ ರಕ್ತ" ಎಂದು ಅವರು ಹೇಳಿದರೂ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಲೇಬೇಕು, ಅದೂ ಅವರ ಕಿವಿಗೆ ಬೀಳದ ಕಡೆ. ಕೂಲಿ ಕೊಡುವವರ ಎದುರಿಗೆ ಬೇಡವೆನ್ನುವ ಧೈರ್ಯ ಯಾರಿಗಿರುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, ಒಪ್ಪಿಗೆ ಕೇಳುವವರು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ಕೇಳಬೇಕು, ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಮುಕಾದಮರು ಆ ಸಾಕ್ಷಿ ಆಗಬಾರದು. ಮಕ್ಕಳ ವಿಷಯದಲ್ಲಿ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ಮಗು ಕೈ ಹಿಂದೆಳೆದರೆ ನಿಲ್ಲಿಸಿ.

ಹೇಳಬೇಕಾದ್ದನ್ನು ಸರಳವಾಗಿ ಹೇಳಿ: ಎಷ್ಟು ರಕ್ತ, ಯಾವ ಬೆರಳಿನಿಂದ, ಎಲ್ಲಿಗೆ ಒಯ್ಯುತ್ತೇವೆ, ಉತ್ತರ ಯಾವಾಗ ತರುತ್ತೇವೆ, ರೋಗ ಕಂಡರೆ ಔಷಧಕ್ಕೆ ದುಡ್ಡು ಕೊಡಬೇಕಾಗಿಲ್ಲ, ಬೇಡವೆಂದರೆ ಏನೂ ಆಗುವುದಿಲ್ಲ. ಆಧಾರ್ ಕೇಳಲೇಬೇಡಿ. ಗೋವಾದಲ್ಲಿ ಕಟ್ಟಡ ಕಾರ್ಮಿಕರಿಗೆ ರಕ್ತ ಪರೀಕ್ಷೆ ಮಾಡಿ ಆರೋಗ್ಯ ಕಾರ್ಡು ಕೊಡುವ ವ್ಯವಸ್ಥೆ ಇದೆ. ಕಾರ್ಡು ಇಲ್ಲದವರು ನಿಮ್ಮನ್ನು ಕಂಡರೆ ತಪ್ಪಿಸಿಕೊಳ್ಳುತ್ತಾರೆ. ನೀವು ಕಾರ್ಡು ತಪಾಸಣೆಗೆ ಬಂದವರಲ್ಲ ಎಂದು ಮೊದಲ ಮಾತಿನಲ್ಲೇ ತಿಳಿಸಿ, ಬೇಕಿದ್ದವರಿಗೆ ಕಾರ್ಡು ಮಾಡಿಸಿಕೊಳ್ಳುವ ಆರೋಗ್ಯ ಕೇಂದ್ರದ ದಾರಿಯನ್ನೂ ಹೇಳಿ.

ಕೇಳುವ ಬಗೆ

"ಕಳೆದ ಹದಿನೈದು ದಿನಗಳಲ್ಲಿ ನಿಮಗೆ ಜ್ವರ ಬಂದಿತ್ತೇ?" ನಮೂನೆಯಲ್ಲಿ ಹೀಗೆ ಅಚ್ಚಾಗಿರುತ್ತದೆ. ಇದನ್ನು ಹೀಗೆಯೇ ಓದಿದರೆ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲವೆನ್ನುತ್ತಾರೆ. ದಿನಗೂಲಿಯ ಬದುಕಿನಲ್ಲಿ ಹದಿನೈದು ದಿನ ಎನ್ನುವುದಕ್ಕೆ ತುದಿಯೂ ಇಲ್ಲ, ಮೊದಲೂ ಇಲ್ಲ. ಅವರ ಮನಸ್ಸಿನಲ್ಲಿ ಇರುವ ಕಾಲಕ್ಕೆ ಪ್ರಶ್ನೆಯನ್ನು ಕಟ್ಟಬೇಕು. ನಮ್ಮ ಕಡೆಯವರಿಗೆ ಮುಂಗಾರಿನ ಈ ಹೊತ್ತಿನಲ್ಲಿ ಕಾರಹುಣ್ಣಿಮೆಯೂ ಮಣ್ಣೆತ್ತಿನ ಅಮಾವಾಸ್ಯೆಯೂ ಮರೆಯುವಂಥವಲ್ಲ, ಎರಡರ ನಡುವೆ ಸರಿಯಾಗಿ ಒಂದು ಪಕ್ಷ. "ಅಕ್ಕಾ, ಕಾರಹುಣ್ಣಿಮೆ ಆದಾಗಿನಿಂದ ನಿಮ್ಮ ಪೈಕಿ ಯಾರಿಗಾದರೂ ಮೈ ಬಿಸಿಯಾಗಿತ್ತೇ, ಚಳಿ ಬಂದು ನಡುಗಿದ್ದರೇ?" ಎಂದು ಕೇಳಿ ನೋಡಿ. ಅಕ್ಕ ಒಲೆಯಿಂದ ಮುಖ ಎತ್ತಿ, ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಹೊರಡುವ ಮೊದಲೇ ಹಬ್ಬ, ಜಾತ್ರೆ, ಸ್ಲ್ಯಾಬ್ ಹಾಕಿದ ದಿನ, ಬಟವಾಡೆಯ ದಿನ ಇವನ್ನೆಲ್ಲ ತಾರೀಖಿನೊಂದಿಗೆ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರೆ, ಅವರು ಹೇಳಿದ್ದನ್ನು ನೀವು ಕೂಡಲೇ ದಿನಾಂಕಕ್ಕೆ ಇಳಿಸಿಕೊಳ್ಳಬಹುದು.

ಗಂಡಸರಿಗೆ ಬೇರೆ ಕೀಲಿಕೈ ಬೇಕು. ಅವರು ಜ್ವರವನ್ನು ಜ್ವರ ಎಂದು ಎಣಿಸುವುದಿಲ್ಲ, ಮೈಕೈ ನೋವೆನ್ನುತ್ತಾರೆ, ಬಿಸಿಲು ತಾಗಿತು ಎನ್ನುತ್ತಾರೆ. "ಅಣ್ಣಾ, ಹಾಜರಿ ಯಾವ ದಿನ ತಪ್ಪಿತು?" ಎಂದು ಕೇಳಿ. ಒಂದು ದಿನದ ಕೂಲಿ ಹೋದದ್ದನ್ನು ಯಾರೂ ಮರೆಯುವುದಿಲ್ಲ. ಏಕೆ ತಪ್ಪಿತು ಎಂಬ ಮುಂದಿನ ಪ್ರಶ್ನೆಗೆ ಚಳಿ, ವಾಂತಿ, ತಲೆನೋವು ತಾನಾಗಿ ಹೊರಬರುತ್ತದೆ. ಮುಕಾದಮರು ತೋರಿಸಲು ಒಪ್ಪಿದರೆ, ಹಾಜರಿ ಪುಸ್ತಕದಲ್ಲಿ ದಿನ ಬಿಟ್ಟು ದಿನ ಖಾಲಿ ಬಿದ್ದ ಹೆಸರುಗಳನ್ನು ಮೊದಲು ಹುಡುಕಿ. ಇಲ್ಲಿ ನಾವು ನೋಡುವ ಮಲೇರಿಯಾದ ಬಗೆಗಳು ಎರಡು, ವೈವಾಕ್ಸ್ ಮತ್ತು ಫಾಲ್ಸಿಪೇರಮ್. ವೈವಾಕ್ಸ್ ಮಲೇರಿಯಾದ ಜ್ವರ ಬಹಳ ಸಲ ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ. ಆದರೆ ಆ ತಾಳ ಕಾಣಲಿಲ್ಲವೆಂದು ಯಾರನ್ನೂ ಬಿಡಬೇಡಿ, ಶುರುವಿನಲ್ಲಿ ಜ್ವರ ಹೇಗೆ ಬೇಕಾದರೂ ಬರಬಹುದು.

ಆಮೇಲೆ ಮಲಗಿದ ಜಾಗ. ಕಚ್ಚಿಸಿಕೊಂಡ ಮೇಲೆ ಜ್ವರ ಏಳಲು ಫಾಲ್ಸಿಪೇರಮ್‌ಗೆ 9ರಿಂದ 14 ದಿನ, ವೈವಾಕ್ಸ್‌ಗೆ 12ರಿಂದ 18 ದಿನ ಬೇಕಾಗುವುದು ಸಾಮಾನ್ಯ. ಆದ್ದರಿಂದ ಜ್ವರ ಶುರುವಾದ ದಿನದಿಂದ ಮೂರು ವಾರ ಹಿಂದಕ್ಕೆ ಹೋಗಿ, ಪ್ರತಿ ರಾತ್ರಿಯ ಜಾಗವನ್ನು ಕೇಳಿ: ಊರಿನಲ್ಲೇ, ಹಳೆಯ ಸೈಟಿನಲ್ಲೇ, ಇಲ್ಲಿಯೇ? ಇಲ್ಲಿ ಎಂದರೆ ಕೋಣೆಯಲ್ಲೇ, ಮಹಡಿಯಲ್ಲೇ? ಸೊಳ್ಳೆ ಪರದೆ ಇತ್ತೇ? ಹುಬ್ಬಳ್ಳಿಯಿಂದ ರೈಲು ಹತ್ತಿದ ದಿನ ಎಲ್ಲರಿಗೂ ನೆನಪಿರುತ್ತದೆ, ಅಲ್ಲಿಂದ ಎಣಿಸಿದರೆ ಲೆಕ್ಕ ಕೂಡಿಬರುತ್ತದೆ. ಹಿಂದಿನ ವರ್ಷ ಮಲೇರಿಯಾ ಬಂದಿತ್ತೇ, ಮಾತ್ರೆ ಎಷ್ಟು ದಿನ ನುಂಗಿದರು ಎಂಬುದನ್ನೂ ಬಿಡಬೇಡಿ. ವೈವಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ, ಸೊಳ್ಳೆ ಕಚ್ಚದೆಯೂ ಮತ್ತೆ ಜ್ವರ ಎಬ್ಬಿಸುತ್ತದೆ.

ಗರ್ಭಿಣಿಯೇ ಎಂಬ ಪ್ರಶ್ನೆಯನ್ನು ಹೆಂಗಸರೇ ಕೇಳಬೇಕು, ಒಬ್ಬರೇ ಇರುವಾಗ ಕೇಳಬೇಕು. ಔಷಧ ಯಾವುದು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ಬೆರಳು ಮತ್ತು ಹನಿ

ಸಾಮಾನ್ಯವಾಗಿ ಎಡಗೈಯ ಉಂಗುರ ಬೆರಳು, ತುದಿಯ ನಡುವಿಗಲ್ಲ, ಪಕ್ಕಕ್ಕೆ. ಗಾರೆ ಕೆಲಸದವರ ಬೆರಳು ಪುಸ್ತಕದ ಚಿತ್ರದಲ್ಲಿ ಇದ್ದಂತೆ ಇರುವುದಿಲ್ಲ. ಸಿಮೆಂಟಿನ ಸುಣ್ಣ ತಿಂದು ಚರ್ಮ ಒಡೆದಿರುತ್ತದೆ, ಮೇಲೆ ಗಡುಸು ಕಟ್ಟಿರುತ್ತದೆ. ಬಿರುಕಿನ ಮೇಲೆ ಚುಚ್ಚಿದರೆ ನೋವು ಹೆಚ್ಚು, ಗಡುಸಿನ ಮೇಲೆ ಚುಚ್ಚಿದರೆ ಹನಿ ಬರುವುದಿಲ್ಲ. ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯಲು ಹೇಳಿ, ಒರೆಸಿ, ಬೆರಳನ್ನು ಬುಡದಿಂದ ತುದಿಗೆ ಮೆಲ್ಲಗೆ ತೀಡಿ, ಬದಿಯಲ್ಲಿ ಚರ್ಮ ಮೆತ್ತಗಿರುವ ಜಾಗವನ್ನು ನಿಮ್ಮ ಹೆಬ್ಬೆರಳಿನಿಂದ ಮುಟ್ಟಿ ಹುಡುಕಿ. ಸ್ಪಿರಿಟ್ ಹಚ್ಚಿದ ಮೇಲೆ ಅದು ಪೂರ್ತಿ ಆರಲಿ. ಒಬ್ಬರಿಗೆ ಒಂದೇ ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ), ಅದರ ಪೊಟ್ಟಣವನ್ನು ಅವರ ಕಣ್ಣೆದುರಿಗೆ ಬಿಚ್ಚಿ. ಮೊದಲ ಹನಿಯನ್ನು ಒರೆಸಿಬಿಡಿ. ಕೂಸುಗಳಿಗೆ ಹಿಮ್ಮಡಿ ಅಥವಾ ಕಾಲಿನ ಹೆಬ್ಬೆರಳು.

ಕ್ಷಿಪ್ರ ಪರೀಕ್ಷೆಯ ಕಿಟ್ಟಿನಲ್ಲಿ ಬರೆದಷ್ಟೇ ರಕ್ತ, ಬರೆದಷ್ಟೇ ಹನಿ ದ್ರಾವಣ, ಬರೆದಷ್ಟೇ ಹೊತ್ತು. ಹೆಚ್ಚಿನ ಕಿಟ್ಟುಗಳಿಗೆ 15ರಿಂದ 20 ನಿಮಿಷ. ಅರ್ಧ ಗಂಟೆ ದಾಟಿದ ಮೇಲೆ ಕಾಣುವ ಮಸುಕು ಗೆರೆಯನ್ನು ನಂಬಬೇಡಿ. ಈಚೆಗೆ ಫಾಲ್ಸಿಪೇರಮ್‌ಗೆ ಔಷಧ ತೆಗೆದುಕೊಂಡವರಲ್ಲಿ ಗುಣವಾದ ಮೇಲೂ ಕೆಲವು ವಾರ ರೋಗ ಇದೆಯೆನ್ನುವ ಗೆರೆ ಮೂಡುತ್ತದೆ, ಹಾಗಾಗಿ ಹಳೆಯ ಔಷಧದ ವಿಚಾರ ಕೇಳದೆ ಫಲಿತಾಂಶ ಹೇಳಬೇಡಿ. ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಸ್ಲೈಡಿನ ಮೇಲೆ ರಕ್ತದ ದಪ್ಪ ಲೇಪ, ತೆಳು ಲೇಪ ಎರಡನ್ನೂ ಮಾಡುತ್ತೇವೆ. ದಪ್ಪ ಲೇಪದ ಹದಕ್ಕೆ ಹಳೆಯ ಗುರುತೊಂದು ಇದೆ: ಹಸಿ ಲೇಪದ ಕೆಳಗೆ ವೃತ್ತಪತ್ರಿಕೆ ಇಟ್ಟರೆ ಅಕ್ಷರ ಮಸುಕಾಗಿಯಾದರೂ ಓದಲು ಬರಬೇಕು. ತೆಳು ಲೇಪದ ಮೇಲೆ ಸೀಸದ ಕಡ್ಡಿಯಿಂದ ಸಂಖ್ಯೆ ಬರೆಯಿರಿ. ಮಳೆಗಾಲದ ಗೋವಾದಲ್ಲಿ ಲೇಪ ಬೇಗ ಆರುವುದಿಲ್ಲ, ನೊಣ ಮತ್ತು ಇರುವೆ ಕಾದು ಕುಳಿತಿರುತ್ತವೆ. ಮುಚ್ಚಳವಿರುವ ತಟ್ಟೆಯಲ್ಲಿ ಅಡ್ಡಲಾಗಿ ಇಟ್ಟು ಒಯ್ಯಿರಿ.

ಒಬ್ಬರಲ್ಲಿ ರೋಗ ಕಂಡಿತು ಎಂದರೆ ನಕ್ಷೆ ತೆಗೆಯಿರಿ. ಅವರ ಚಾಪೆಯ ಅಕ್ಕಪಕ್ಕ ಮಲಗುವವರೆಲ್ಲರ ರಕ್ತ ನೋಡಬೇಕು, ಜ್ವರ ಇರಲಿ ಇಲ್ಲದಿರಲಿ. ಬೇರೆ ಒಲೆಯಲ್ಲಿ ಉಣ್ಣುವವರು, ಬೇರೆ ಮುಕಾದಮರ ಕೆಳಗೆ ದುಡಿಯುವವರು ಎಂದು ಯಾರನ್ನೂ ಬಿಡಬೇಡಿ.

ತೂಕಡಿಕೆ, ಸೆಳೆತ, ನಿಲ್ಲದ ವಾಂತಿ, ಕಣ್ಣು ಹಳದಿ, ಮೂತ್ರ ತೀರಾ ಕಡಿಮೆ, ಉಸಿರು ಕಷ್ಟ: ಇವುಗಳಲ್ಲಿ ಒಂದು ಕಂಡರೂ ನಮೂನೆ ಬದಿಗಿಟ್ಟು 108ಕ್ಕೆ ಕರೆ ಮಾಡಿ.

ನೀರು ನೋಡುವುದು

ಇದನ್ನು ಮಾತ್ರ ಹಗಲಿನಲ್ಲಿ ಮಾಡಿ. ಉದ್ದ ಹಿಡಿಯ ಬಿಳಿ ಸೌಟು ಸಾಕು. ನಿಮ್ಮ ನೆರಳು ನೀರಿನ ಮೇಲೆ ಬಿದ್ದರೆ ಸೊಳ್ಳೆಯ ಮರಿಗಳು ಕೆಳಗೆ ಮುಳುಗುತ್ತವೆ, ಸೂರ್ಯನಿಗೆ ಮುಖ ಮಾಡಿ ನಿಂತು ಸೌಟನ್ನು ಓರೆಯಾಗಿ ಅಂಚಿನಲ್ಲಿ ಇಳಿಸಿ. ಸೌಟಿನೊಳಗೆ ನೀರು ನಿಶ್ಚಲವಾಗುವವರೆಗೆ ಕಾಯಿರಿ. ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ, ಮಟ್ಟಸವಾಗಿ ಮಲಗಿದಂತಿದ್ದರೆ ಅದು ಅನಾಫಿಲಿಸ್. ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತಿದ್ದರೆ ಡೆಂಗಿ ಹರಡುವ ಈಡಿಸ್ ಅಥವಾ ಕ್ಯೂಲೆಕ್ಸ್. ಎರಡನ್ನೂ ಬರೆದುಕೊಳ್ಳಿ, ಬೇರೆ ಬೇರೆ ಕಾಲಂನಲ್ಲಿ.

ಪಣಜಿಯಲ್ಲಿ 1980ರ ದಶಕದಲ್ಲಿ ಮಲೇರಿಯಾ ತಲೆ ಎತ್ತಿದಾಗಿನಿಂದ ಬಾವಿ, ಟಾಕಿ ಮತ್ತು ಕಟ್ಟಡದ ನೀರಿನ ಮಾತು ನಡೆದೇ ಇದೆ. ಸ್ಲ್ಯಾಬಿನ ಮೇಲಿನ ಕ್ಯೂರಿಂಗ್ ನೀರು ಇದರಲ್ಲಿ ಕಠಿಣವಾದದ್ದು, ಏಕೆಂದರೆ ಆ ನೀರು ತಪ್ಪಿನಿಂದ ನಿಂತದ್ದಲ್ಲ, ಬೇಕೆಂದೇ ನಿಲ್ಲಿಸಿದ್ದು. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟಿನದನ್ನು 10 ದಿನ ಹಸಿಯಾಗಿಡಬೇಕು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಕಾಗುವುದು ಕೂಡ ಸುಮಾರು ಒಂದು ವಾರದಿಂದ ಹತ್ತು ದಿನ. ಎರಡೂ ಗಡಿಯಾರ ಒಟ್ಟಿಗೆ ಓಡುತ್ತವೆ. ನೀರು ಚೆಲ್ಲಿ ಎಂದು ಎಂಜಿನಿಯರರಿಗೆ ಹೇಳಿದರೆ ಅವರು ಒಪ್ಪುವುದಿಲ್ಲ, ಒಪ್ಪಲೂಬಾರದು, ಕಾಂಕ್ರೀಟು ಬಿರುಕು ಬಿಡುತ್ತದೆ. ನೀರು ಕಟ್ಟುವ ಬದಲು ಒದ್ದೆ ಗೋಣಿಚೀಲ ಹಾಸಿ ದಿನಕ್ಕೆ ಕೆಲವು ಸಲ ನೀರು ಹನಿಸಿರಿ ಎಂದು ಕೇಳಿ. ಅದೇ ಮಾನಕದಲ್ಲಿ ಗೋಣಿಯ ಪದ್ಧತಿಗೂ ಒಪ್ಪಿಗೆ ಇದೆ. ನಾನು ಆ ಪುಟದ ನಕಲನ್ನು ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಅವರ ಕೆಲಸದ ಭಾಷೆಯಲ್ಲಿ ಮಾತನಾಡಿದಾಗ ಬಾಗಿಲು ತೆರೆಯುತ್ತದೆ. ನೀರೇ ಕಟ್ಟಬೇಕೆಂದರೆ ವಾರ ತುಂಬುವ ಮೊದಲೇ ಒಮ್ಮೆ ಪೂರ್ತಿ ಗುಡಿಸಿ ಹೊರಹಾಕಿ, ಸ್ಲ್ಯಾಬು ಆರುವ ಮುನ್ನ ಹೊಸ ನೀರು ತುಂಬಲಿ.

ಲಿಫ್ಟಿನ ಗುಂಡಿಯಲ್ಲಿ ನಿಂತ ನೀರನ್ನು ಪಂಪಿನಿಂದ ತೆಗೆಸಿ. ಬಾವಿಗೆ ಗಪ್ಪಿ ಮೀನು ಬಿಡಬಹುದು, ಟಾಕಿಗೆ ಬಿಗಿಯಾದ ಮುಚ್ಚಳ ಬೇಕು. ಬ್ಯಾರಲ್ಲಿನ ನೀರನ್ನು ಮಾತ್ರ ನೀವೇ ಚೆಲ್ಲಬೇಡಿ. ಎಲ್ಲೋ ನಲ್ಲಿಯ ಮುಂದೆ ಕಾದು, ತಲೆಯ ಮೇಲೆ ಹೊತ್ತು ತಂದ ನೀರು ಅದು. ಹಳೆಯ ಸೀರೆಯ ತುಂಡನ್ನು ಎರಡು ಪದರ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಲು ಹೇಳಿ, ನೀರು ಮುಗಿದ ದಿನ ಒಳಗೆ ಉಜ್ಜಿ ತೊಳೆಯಲು ಹೇಳಿ.

ವರದಿ ಬರೆಯುವಾಗ ಇದೇ ನಕ್ಷೆಯನ್ನು ಲಗತ್ತಿಸಿ. "ಹೊರಗಿನಿಂದ ಬಂದ ಪ್ರಕರಣ" ಎಂದಷ್ಟೇ ಬರೆದು ಮುಗಿಸಿದರೆ ರೋಗ ತಂದವರು ಕೂಲಿಯವರು ಎಂಬ ಮಾತು ಊರೆಲ್ಲ ಹಬ್ಬುತ್ತದೆ, ಇದರಿಂದ ನನಗೆ ಸಿಟ್ಟೂ ನೋವೂ ಆಗುತ್ತದೆ. ಪರಾವಲಂಬಿ ಎಲ್ಲಿಂದ ಬಂತು ಎಂಬುದರ ಪಕ್ಕದಲ್ಲಿಯೇ, ಚಾಪೆಯಿಂದ ಎಷ್ಟು ಹೆಜ್ಜೆ ದೂರದಲ್ಲಿ ಮರಿಗಳಿರುವ ನೀರು ಸಿಕ್ಕಿತು, ಆ ನೀರು ಯಾರ ಹೊಣೆ ಎಂಬುದೂ ದಾಖಲಾಗಬೇಕು. ಮಲೇರಿಯಾವನ್ನು 2030ರೊಳಗೆ ಇಲ್ಲವಾಗಿಸುವುದು ದೇಶದ ಗುರಿ. ಪ್ರಕರಣಗಳು ಕಡಿಮೆಯಾದಷ್ಟೂ ಒಂದೊಂದರ ವಿವರ ಇಷ್ಟು ನಿಖರವಾಗಿರಬೇಕಾಗುತ್ತದೆ.

ಉತ್ತರ ಒಯ್ಯುವುದು, ಹದಿನಾಲ್ಕು ದಿನ ಕಾಯುವುದು

ರಕ್ತ ಕೊಟ್ಟ ಪ್ರತಿಯೊಬ್ಬರಿಗೂ ಉತ್ತರ ಹೋಗಬೇಕು, ಏನೂ ಇಲ್ಲದವರಿಗೂ. ಮರುದಿನ ಸಂಜೆ ಅದೇ ಹೊತ್ತಿಗೆ ಹೋಗಿ ಹೇಳಿ. ರಕ್ತ ಒಯ್ದವರು ಮತ್ತೆ ಮುಖ ತೋರಿಸಲಿಲ್ಲ ಎಂಬ ದೂರು ಬಿಡಾರಗಳಲ್ಲಿ ನಾನು ಬಹಳ ಕೇಳಿದ್ದೇನೆ, ಅದು ನ್ಯಾಯವಾದ ದೂರು. ರೋಗ ಕಂಡವರಿಗೆ ಬೇರೆಯಾಗಿ, ಮೆಲ್ಲನೆ ತಿಳಿಸಿ.

ಔಷಧದ ಪ್ರಮಾಣ ವೈದ್ಯಾಧಿಕಾರಿಗಳು ಬರೆಯುತ್ತಾರೆ, ನೀವು ಅದರ ಹಿಂದಿನ ಕಾರಣ ಹೇಳಬೇಕು. ಫಾಲ್ಸಿಪೇರಮ್‌ಗೆ ಆರ್ಟಿಮಿಸಿನಿನ್ ಬೆರೆತ ಔಷಧ ಮೂರು ದಿನ, ಜೊತೆಗೆ ಪ್ರೈಮಾಕ್ವಿನ್ ಒಂದು ಸಲ. ವೈವಾಕ್ಸ್‌ಗೆ ಕ್ಲೋರೋಕ್ವಿನ್ ಮೂರು ದಿನ, ಯಕೃತ್ತಿನಲ್ಲಿ ಅಡಗಿದ ಪರಾವಲಂಬಿಗೆಂದು ಪ್ರೈಮಾಕ್ವಿನ್ ಹದಿನಾಲ್ಕು ದಿನ. ಗರ್ಭಿಣಿಯರಿಗೂ ಕೂಸುಗಳಿಗೂ ಪ್ರೈಮಾಕ್ವಿನ್ ಕೊಡುವುದಿಲ್ಲ. ಕಷ್ಟವಿರುವುದು ಆ ಹದಿನಾಲ್ಕರಲ್ಲಿ. ಮೂರನೆಯ ದಿನಕ್ಕೆ ಜ್ವರ ಬಿಡುತ್ತದೆ, ನಾಲ್ಕನೆಯ ದಿನ ಹಾಜರಿ, ಐದನೆಯ ದಿನ ಮಾತ್ರೆ ಮರೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ನೋವು ಬಂದರೆ ಅಂದಿಗೇ ನಿಲ್ಲಿಸುತ್ತಾರೆ. ರಾತ್ರಿ ಊಟವಾದ ಮೇಲೆ ನುಂಗಲು ಹೇಳಿ, ಒಲೆ ನೋಡಿಕೊಳ್ಳುವ ಅಕ್ಕನಿಗೋ ಅವ್ವನಿಗೋ ಈ ಹೊಣೆ ಒಪ್ಪಿಸಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬರಬೇಕೆಂದು ಇಬ್ಬರಿಗೂ ಹೇಳಿಡಿ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರ ರಕ್ತಕಣಗಳನ್ನು ಪ್ರೈಮಾಕ್ವಿನ್ ಒಡೆಯುತ್ತದೆ, ಅದರ ಗುರುತು ಇದು.

ಅರ್ಧದಲ್ಲೇ ಊರಿಗೆ ಹೊರಟವರನ್ನು ತಡೆಯಲಾಗುವುದಿಲ್ಲ, ತಡೆಯುವ ಹಕ್ಕೂ ನಮಗಿಲ್ಲ. ಬಿತ್ತನೆ ಇರುತ್ತದೆ, ಸಾವು ಇರುತ್ತದೆ, ಮದುವೆ ಇರುತ್ತದೆ. ಉಳಿದ ಮಾತ್ರೆಗಳನ್ನು ಎಣಿಸಿ ಕೈಗೆ ಕೊಡಿ. ರೋಗ ಯಾವುದು, ಔಷಧ ಯಾವ ದಿನ ಶುರುವಾಯಿತು, ಎಷ್ಟು ದಿನ ಬಾಕಿ ಎಂದು ಕನ್ನಡದಲ್ಲಿ ಚೀಟಿ ಬರೆದುಕೊಡಿ, ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರನ್ನು ಕೇಳಿ ಬರೆದುಕೊಳ್ಳಿ. ಅಲ್ಲಿಗೆ ಆ ದಿನವೇ ಫೋನ್ ಮಾಡಿ, ಆಶಾ ಕಾರ್ಯಕರ್ತೆಗೆ ವಿಷಯ ಮುಟ್ಟಿತೇ ಎಂದು ಎರಡು ದಿನ ಬಿಟ್ಟು ಮತ್ತೆ ವಿಚಾರಿಸಿ. ಇಲ್ಲೇ ಉಳಿದವರ ಬಳಿ ಹದಿನಾಲ್ಕನೆಯ ರಾತ್ರಿ ನೀವೇ ಹೋಗಿ ಮಾತ್ರೆಯ ಖಾಲಿ ಪಟ್ಟಿಯನ್ನು ಕೇಳಿ ನೋಡಿ, ಅದೇ ಓಡಾಟದಲ್ಲಿ ಸ್ಲ್ಯಾಬಿನ ಮೇಲಿನ ನೀರು ಏನಾಯಿತೆಂದೂ ನೋಡಿ ಬನ್ನಿ.